ಬ್ರಾಂಚ್ ರೂಟರ್‌ಗೆ ‘ನೀನು ಸ್ಟಬ್’ ಅಂತ ಯಾಕೆ ಹೇಳಬೇಕು?

ಬ್ಯಾಂಕ್ ಕೌಂಟರಿನಲ್ಲಿ ‘ಸರ್ವರ್ ಡೌನ್’ ಅಂತಾರಲ್ಲ, ಎಷ್ಟೋ ಸಲ ಸರ್ವರ್ ಆರಾಮಾಗೇ ಇರುತ್ತೆ, ಅಲ್ಲಿಗೆ ಹೋಗುವ ದಾರಿ ಕೆಟ್ಟಿರುತ್ತೆ. ಅಂಥ ದಾರಿಯನ್ನು ಕಾಪಾಡೋ ಒಂದೇ ಸಾಲಿನ ಸೆಟ್ಟಿಂಗ್ ಬಗ್ಗೆ ಇವತ್ತು ಮಾತಾಡ್ತೀನಿ.

ಹೆಡ್ ಆಫೀಸಿನಲ್ಲಿ ಎರಡು ದೊಡ್ಡ ಹಬ್ ರೂಟರ್, ಅವೆರಡಕ್ಕೂ ಜೋಡಿಸಿದ ಇನ್ನೂರು ಶಾಖೆಗಳ ಪುಟ್ಟ ರೂಟರ್‌ಗಳು ಅಂದುಕೊಳ್ಳಿ. ದಾರಿ ಹುಡುಕೋಕೆ ಸಿಸ್ಕೋದವರು ರೂಪಿಸಿದ ಇಐಜಿಆರ್‌ಪಿ. ಇದರ ಸ್ವಭಾವ ಹೇಗೆ ಅಂದ್ರೆ, ಒಂದು ದಾರಿ ಹೋಯ್ತು, ಬದಲಿ ದಾರಿ ಕೈಯಲ್ಲಿಲ್ಲ ಅಂದ ತಕ್ಷಣ ಅಕ್ಕಪಕ್ಕದವರಿಗೆಲ್ಲ ‘ನಿಮಗೇನಾದ್ರೂ ಗೊತ್ತಾ?’ ಅಂತ ಕ್ವೆರಿ ಕಳಿಸುತ್ತೆ. ಎಲ್ಲರ ಉತ್ತರ ಬರೋವರೆಗೆ ಆ ದಾರಿಯ ಬಗ್ಗೆ ತೀರ್ಮಾನ ಇಲ್ಲ. ಕೇಳಿಸಿಕೊಂಡ ಶಾಖೆಗೂ ಗೊತ್ತಿಲ್ಲದಿದ್ರೆ, ಅದು ಇನ್ನೊಂದು ಹಬ್ಬನ್ನ ಕೇಳಬಹುದು. ಊರೆಲ್ಲ ಸುತ್ತಿ ಪ್ರಶ್ನೆ ಮತ್ತೆ ಹೆಡ್ ಆಫೀಸಿಗೇ!

ಮಧ್ಯೆ ಎಲ್ಲೋ ಒಂದು ಶಾಖೆಯ ಲಿಂಕ್ ಕುಂಟುತ್ತಿದ್ದರೆ ಉತ್ತರ ಬರೋದೇ ಇಲ್ಲ. ಕಾಯುವ ಡೀಫಾಲ್ಟ್ ಅವಧಿ 3 ನಿಮಿಷ. ಕೊನೆಗೂ ಉತ್ತರ ಸಿಗದಿದ್ರೆ ಆ ನೆರೆಯವನ ಜೊತೆ ಸಂಬಂಧವನ್ನೇ ಕಡಿದು, ಅವನಿಂದ ಕಲಿತ ದಾರಿಗಳನ್ನೆಲ್ಲ ಕೈಬಿಡುತ್ತೆ. ಇದಕ್ಕೆ ‘ಸ್ಟಕ್ ಇನ್ ಆಕ್ಟಿವ್’ ಅಂತ ಹೆಸರು.

ಬ್ರಾಂಚ್ ರೂಟರಿನ ಇಐಜಿಆರ್‌ಪಿ ಸೆಟ್ಟಿಂಗ್ ಒಳಗೆ ‘ಇಐಜಿಆರ್‌ಪಿ ಸ್ಟಬ್’ ಅಂತ ಬರೆದರೆ, ಅದು ತನ್ನ ಹಲೋ ಪ್ಯಾಕೆಟ್‌ನಲ್ಲೇ ‘ನಾನು ಕೊನೆಯ ಸ್ಟಾಪು, ನನ್ನನ್ನ ಕೇಳಬೇಡಿ’ ಅಂತ ಹೇಳಿಬಿಡುತ್ತೆ. ಹಬ್ ಕ್ವೆರಿ ಕಳಿಸೋದನ್ನ ಬಿಡುತ್ತೆ. ಇದನ್ನ ಬರೆಯಬೇಕಾದ್ದು ಶಾಖೆಯಲ್ಲಿ, ಹಬ್‌ನಲ್ಲಲ್ಲ. ಇನ್ನೊಂದು ಲಾಭ, ನನಗೆ ಇದೇ ದೊಡ್ಡದು ಅನಿಸುತ್ತೆ: ಒಂದು ಹಬ್‌ನಿಂದ ಕಲಿತ ದಾರಿಯನ್ನ ಸ್ಟಬ್ ಇನ್ನೊಂದು ಹಬ್‌ಗೆ ಹೇಳಲ್ಲ. ಹಾಗಾಗಿ ಹೆಡ್ ಆಫೀಸಿನ ಟ್ರಾಫಿಕ್ ಶಾಖೆಯ ಬಡಪಾಯಿ ಲಿಂಕಿನ ಮೇಲೆ ಬಂದು ಬೀಳೋದಿಲ್ಲ.

ಸುಮ್ಮನೆ ‘ಸ್ಟಬ್’ ಅಂದರೆ ತನಗೆ ನೇರವಾಗಿ ಅಂಟಿಕೊಂಡ ನೆಟ್‌ವರ್ಕ್ ಮತ್ತು ಸಮ್ಮರಿಗಳನ್ನ ಮಾತ್ರ ಅದು ಸಾರುತ್ತೆ. ಸ್ಟ್ಯಾಟಿಕ್ ದಾರಿ ಸಾರಬೇಕಂದ್ರೆ ‘ಸ್ಟ್ಯಾಟಿಕ್’ ಅಂತಾನೂ ಸೇರಿಸಿ, ರೀಡಿಸ್ಟ್ರಿಬ್ಯೂಟನ್ನೂ ಮಾಡಿ. ‘ರಿಸೀವ್ ಓನ್ಲಿ’ ಹಾಕೋ ಮುಂಚೆ ಎರಡು ಸಲ ಯೋಚಿಸಿ. ಶಾಖೆ ಬಾಯೇ ಬಿಡಲ್ಲ. ಹಬ್‌ನಲ್ಲಿ ಬೇರೆ ಏರ್ಪಾಡಿಲ್ಲದಿದ್ರೆ ಹೋದ ಪ್ಯಾಕೆಟ್‌ಗೆ ವಾಪಸ್ ದಾರಿ ಇರಲ್ಲ. ಶಾಖೆಯ ಹಿಂದೆ ಇನ್ನೊಂದು ರೂಟರ್ ಇದ್ರೆ ಅದರ ದಾರಿಗಳೂ ಮುಚ್ಚಿಹೋಗುತ್ತವೆ, ಆಗ ಲೀಕ್ ಮ್ಯಾಪ್ ಬೇಕು. ಅಂದಹಾಗೆ, ಹಬ್‌ನಿಂದ ಬರುವ ಉದ್ದದ ಪಟ್ಟಿಯನ್ನ ಸ್ಟಬ್ ಚಿಕ್ಕದು ಮಾಡಲ್ಲ. ಅದಕ್ಕೆ ಹಬ್‌ನಲ್ಲೇ ಸಮ್ಮರಿ ಹಾಕಿ ಡೀಫಾಲ್ಟ್ ದಾರಿ ಒಂದನ್ನೇ ಕಳಿಸಬೇಕು.

ಓಎಸ್‌ಪಿಎಫ್‌ನ ಸ್ಟಬ್ ಏರಿಯಾ ಬೇರೆಯೇ ಕಥೆ. ಹೆಸರು ನೋಡಿ ಗಲಿಬಿಲಿ ಬೇಡ.

ಈ ಸಾಲು ಹಾಕಿದ ಕೂಡಲೇ ನೆರೆಸಂಬಂಧ ಒಮ್ಮೆ ಕಡಿದು ಮತ್ತೆ ಕೂಡುತ್ತೆ, ಅದಕ್ಕೇ ಕೌಂಟರ್ ಮುಚ್ಚಿದ ಮೇಲೆ ಮಾಡಿ. ಆಮೇಲೆ ಹಬ್‌ನಲ್ಲಿ ‘ಶೋ ಐಪಿ ಇಐಜಿಆರ್‌ಪಿ ನೇಬರ್ಸ್ ಡೀಟೇಲ್’ ಕೊಟ್ಟು, ಆ ಶಾಖೆಯ ಕೆಳಗೆ ‘ಸಪ್ರೆಸಿಂಗ್ ಕ್ವೆರೀಸ್’ ಅಂತ ಬಂದಿದೆಯಾ ನೋಡಿಕೊಳ್ಳಿ.