ಇರುವೆ ಸಾಲು ಹಿಡಿದು ಹೊರಟರೆ...

ರಾತ್ರಿ ಎಲ್ಲವನ್ನೂ ತೊಳೆದು ಒರೆಸಿ ಮಲಗಿದ್ದರೂ ಬೆಳಗ್ಗೆ ಎದ್ದು ನೋಡಿದರೆ ಸಕ್ಕರೆ ಡಬ್ಬಿಯ ಮುಚ್ಚಳದ ಸುತ್ತ ಇರುವೆ. ಹಾಲಿನ ಪಾತ್ರೆಯ ಅಂಚಿನಲ್ಲಿ ಇರುವೆ. ತೊಟ್ಟಿಲ ಬಟ್ಟೆಯಲ್ಲೂ ಇರುವೆ. ಹೊಸ ಫ್ಲ್ಯಾಟ್‌ಗಳಲ್ಲಿರುವವರಿಗೂ ಈ ಕಾಟ ತಪ್ಪಿದ್ದಲ್ಲ. ಆದರೆ ಮಂಗಳೂರಿನಂಥ ಊರುಗಳಲ್ಲಿ ಪೇಟೆಯಿಂದ ಸ್ವಲ್ಪ ಹೊರಗೆ, ತೆಂಗು, ಮಾವು, ಹಲಸಿನ ಮರಗಳ ನಡುವೆ 40-50 ವರ್ಷಗಳ ಹಿಂದೆ ಕಟ್ಟಿದ ಮನೆಗಳಲ್ಲಿ ಇದು ವರ್ಷಪೂರ್ತಿಯ ಪಾಡು. ಬಂದ ನೆಂಟರು "ಸ್ವಲ್ಪ ಶುಚಿಯಾಗಿ ಇಟ್ಟುಕೊಳ್ಳಬಾರದೇ" ಎಂಬಂತೆ ನೋಡುತ್ತಾರೆ. ಮನೆಯಾಕೆ ಮುಖ ಚಿಕ್ಕದು ಮಾಡಿಕೊಳ್ಳುತ್ತಾಳೆ.

ಹೆಚ್ಚಿನ ಕಡೆ ತಪ್ಪು ಗೃಹಿಣಿಯದ್ದಲ್ಲ, ಮನೆಯದ್ದು. ಕೆಂಪುಕಲ್ಲಿನ ಗೋಡೆಯ ಸಂದುಗಳಲ್ಲಿ ತುಂಬಿದ ಮಣ್ಣು ಕಾಲಕ್ರಮೇಣ ಉದುರಿ ಟೊಳ್ಳಾಗಿರುತ್ತದೆ. ಹಂಚಿನ ಮಾಡಿನ ಹಳೆ ಮನೆಗೆ ಹಿಂದಿನಿಂದ ಸಿಮೆಂಟಿನ ಅಡುಗೆಮನೆ ಜೋಡಿಸಿದ್ದರೆ ಎರಡೂ ಸೇರುವಲ್ಲಿ ಬಿರುಕು ಬಿಟ್ಟಿರುತ್ತದೆ. ಕೊಲ್ಲಿಯ ದುಡಿಮೆಯಲ್ಲಿ ಎದ್ದ ಎಂಬತ್ತರ ದಶಕದ ತಾರಸಿ ಮನೆಗಳಲ್ಲಿ ಗೋಡೆಯೊಳಗಿನ ಕಬ್ಬಿಣದ ಪೈಪುಗಳು ತುಕ್ಕು ಹಿಡಿದು ಒಳಗೊಳಗೇ ಜಿನುಗುತ್ತಿರುತ್ತವೆ. ಇರುವೆಗೆ ಬೇಕಾದದ್ದು ಮೂರೇ: ತೇವ, ಟೊಳ್ಳು ಜಾಗ, ಆಹಾರ. ಮೊದಲಿನ ಎರಡನ್ನು ಹಳೆ ಮನೆ ತಾನಾಗಿಯೇ ಕೊಡುತ್ತದೆ. ಮೂರನೆಯದು ಯಾವ ಅಡುಗೆಮನೆಯಲ್ಲಿ ಇಲ್ಲ?

ಆದ್ದರಿಂದ ಇರುವೆ ಕಂಡ ಕೂಡಲೇ ಸ್ಪ್ರೇ ಡಬ್ಬಿಗೆ ಕೈ ಹಾಕುವ ಬದಲು ಸಾಲನ್ನು ಹಿಂಬಾಲಿಸಿ ನೋಡಬೇಕು. ಆಹಾರದ ಕಡೆಗಲ್ಲ, ಅದು ಬರುತ್ತಿರುವ ಕಡೆಗೆ. ರಾತ್ರಿ ಒಂಬತ್ತು ಹತ್ತು ಗಂಟೆಗೆ ಟಾರ್ಚ್ ಹಿಡಿದು ಹತ್ತು ನಿಮಿಷ ಕೊಟ್ಟರೆ ಸಾಕು. ಸಾಲು ಸಿಂಕಿನ ಕೆಳಗಿನ ಪೈಪಿನ ಬಳಿ ಮರೆಯಾಗುತ್ತದೆಯೇ, ಕಿಟಕಿಯ ದಾರಂದದ ಸಂದಿಗೆ ಹೋಗುತ್ತದೆಯೇ, ಸ್ವಿಚ್ ಬೋರ್ಡಿನ ಹಿಂದೆಯೇ, ಮಾಡಿನ ಪಕ್ಕಾಸಿಗೆ ಏರುತ್ತದೆಯೇ? ಅದು ಮರೆಯಾಗುವಲ್ಲಿ ಅನೇಕ ವೇಳೆ ಮನೆಯ ಯಾವುದೋ ಒಂದು ಭಾಗ ಹಾಳಾಗುತ್ತಿರುತ್ತದೆ.

ಯಾವ ಇರುವೆ?

ಎಲ್ಲ ಇರುವೆಗೂ ಒಂದೇ ಮದ್ದು ನಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವವುಗಳನ್ನು ಗುರುತಿಸುವುದು ಕಷ್ಟವೇನಲ್ಲ.

ಉದ್ದ ಕಾಲಿನ, ದಿಕ್ಕು ತಪ್ಪಿದವರಂತೆ ಅತ್ತಿತ್ತ ಓಡಾಡುವ ಕಪ್ಪಿರುವೆ ಕಚ್ಚುವುದು ಅಪರೂಪ, ಹೆಚ್ಚಾಗಿ ಹೊರಗಿನಿಂದ ಬರುತ್ತದೆ. ಅದರ ದಾರಿ ಮುಚ್ಚಿದರೆ ಅರ್ಧ ಕೆಲಸ ಮುಗಿಯಿತು. ಅಡುಗೆಮನೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಾದ, ತಲೆ ಕಪ್ಪಗೆ, ಹೊಟ್ಟೆ ಬೆಳ್ಳಗೆ ಇರುವ ಇನ್ನೊಂದಿದೆ. ಬೆರಳಲ್ಲಿ ಉಜ್ಜಿದರೆ ಕೆಟ್ಟ ತೆಂಗಿನಕಾಯಿಯ ವಾಸನೆ ಬರುತ್ತದೆ. ಸಿಹಿ ಎಂದರೆ ಅದಕ್ಕೆ ಪ್ರಾಣ.

ಸುಮಾರು ಎರಡು ಮಿಲಿಮೀಟರ್ ಉದ್ದದ, ಹಳದಿ ಮಿಶ್ರಿತ ಕಂದು ಬಣ್ಣದ ಇರುವೆಯ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಜಗತ್ತಿನೆಲ್ಲೆಡೆ ಇದನ್ನು ಫೇರೋ ಇರುವೆ ಎನ್ನುತ್ತಾರೆ. ಸಿಹಿ ಮಾತ್ರವಲ್ಲ, ಮಾಂಸ, ಮೊಟ್ಟೆ, ಎಣ್ಣೆ ಎಲ್ಲವೂ ಇದಕ್ಕೆ ಬೇಕು. ಗಾಯದ ಬ್ಯಾಂಡೇಜಿನೊಳಗೂ ನುಗ್ಗುತ್ತದೆ. ರೋಗಾಣುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಎಂದು 1970ರ ದಶಕದಲ್ಲೇ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗುರುತಿಸಲಾಗಿತ್ತು. ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯಲ್ಲಿ ಇದನ್ನು ಸಣ್ಣ ವಿಷಯ ಎಂದು ಬಿಡುವಂತಿಲ್ಲ.

ಅಂಗಳದ ಮಣ್ಣಿನಲ್ಲಿ, ಜಗಲಿಯ ಬಿರುಕಿನಲ್ಲಿ, ಬಚ್ಚಲಿನ ನೆಲದ ಸಂದಿನಲ್ಲಿ ಗೂಡು ಮಾಡುವ ಕೆಂಪು ಕಡಿಯುವ ಇರುವೆ ಬೇರೆ. ಅದು ಚುಚ್ಚಿದಲ್ಲಿ ಬೆಂಕಿ ತಾಗಿದಂತೆ ಉರಿದು ಬೊಕ್ಕೆ ಏಳುತ್ತದೆ. ಕೊಬ್ಬರಿ, ಒಣಮೀನು, ಕರಿದ ತಿಂಡಿ ಎಲ್ಲಿದೆಯೋ ಅಲ್ಲಿಗೆ ಬರುತ್ತದೆ. ಕಡಿತದ ನಂತರ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟಕ್ಕೆ ತೊಂದರೆ ಕಂಡರೆ ಮನೆಮದ್ದು ಹಚ್ಚುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ದೊಡ್ಡ ಕಪ್ಪು ಇರುವೆ. ಪಕ್ಕಾಸು, ರೀಪು, ದಾರಂದಗಳ ಒದ್ದೆಯಾಗಿ ಕುಂಬಾದ ಮರದಲ್ಲಿ ಇವುಗಳಲ್ಲಿ ಕೆಲವು ಜಾತಿಯವು ಕೊರೆದು ಗೂಡು ಮಾಡುತ್ತವೆ. ಮರವನ್ನು ತಿನ್ನುವುದಿಲ್ಲ, ಕೊರೆದ ಹುಡಿಯನ್ನು ಹೊರಗೆ ತಳ್ಳುತ್ತವೆ. ಗುಡಿಸಿದಷ್ಟೂ ಒಂದೇ ಜಾಗದಲ್ಲಿ ಮರದ ಹುಡಿ ಬೀಳುತ್ತಿದೆ, ಅಲ್ಲೇ ದೊಡ್ಡಿರುವೆಗಳು ಓಡಾಡುತ್ತಿವೆ ಎಂದಾದರೆ ತಲೆ ಎತ್ತಿ ಮಾಡನ್ನು ನೋಡಿ. ಬಹುತೇಕ ಒಂದು ಹಂಚು ಒಡೆದಿರುತ್ತದೆ, ಮಳೆ ನೀರು ಪಕ್ಕಾಸಿನ ತಲೆಗೆ ಇಳಿದಿರುತ್ತದೆ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಮನೆಗಳ ತಲೆ ಕಾಯುತ್ತಿರುವುದು ಹಂಚೇ. ಆದರೆ ವರ್ಷಕ್ಕೊಮ್ಮೆ ಅದಕ್ಕೆ ಕೈಯಾಡಿಸಲೇಬೇಕು. ಇಲ್ಲಿ ಇರುವೆಗೆ ಎಷ್ಟು ಮದ್ದು ಹೊಡೆದರೂ ಹಂಚು ಬದಲಿಸದೆ ಉಪಯೋಗವಿಲ್ಲ.

ಮೊದಲ ಮಳೆಗೆ ದೀಪದ ಸುತ್ತ ರೆಕ್ಕೆಯ ಹುಳುಗಳು ಎದ್ದಾಗ ಅವು ಇರುವೆಯೋ ಗೆದ್ದಲೋ ಎಂದು ತಿಳಿಯುವುದು ಬಹಳ ಮುಖ್ಯ. ಒಂದನ್ನು ಹಿಡಿದು ನೋಡಿ. ಸೊಂಟ ಸಪೂರವಾಗಿದ್ದು, ಮೀಸೆ ಮೊಣಕೈಯಂತೆ ಬಾಗಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದವಿದ್ದರೆ ಇರುವೆ. ಸೊಂಟವೇ ಇಲ್ಲದೆ ದೇಹ ಒಂದೇ ದಪ್ಪವಿದ್ದು, ಮೀಸೆ ನೇರವಾಗಿದ್ದು, ನಾಲ್ಕು ರೆಕ್ಕೆಗಳೂ ಒಂದೇ ಅಳತೆಯಲ್ಲಿದ್ದರೆ ಗೆದ್ದಲು. ಗೋಡೆಯಲ್ಲಿ ಮಣ್ಣಿನ ಗೆರೆ ಕಂಡರಂತೂ ಸಂಶಯವೇ ಬೇಡ. ಗೆದ್ದಲಿಗೆ ಮನೆಮದ್ದು ಸಾಲದು, ಬಲ್ಲವರನ್ನು ಕರೆಸಲೇಬೇಕು.

ಸ್ಪ್ರೇಯಿಂದ ಇರುವೆ ಹೆಚ್ಚುತ್ತದೆ!

ನಮ್ಮ ಕಣ್ಣಿಗೆ ಕಾಣುವ ಸಾಲಿನ ಇರುವೆಗಳೆಲ್ಲ ಕೆಲಸದ ಹೆಣ್ಣಿರುವೆಗಳು. ಅವು ಇಡೀ ಸಂಸಾರದ ಒಂದು ಸಣ್ಣ ಪಾಲು ಮಾತ್ರ. ರಾಣಿ, ಮೊಟ್ಟೆ, ಮರಿಗಳು ಗೋಡೆಯೊಳಗೆ ಸುಖವಾಗಿರುತ್ತವೆ. ಸ್ಪ್ರೇ ಹೊಡೆದರೆ ನೂರು ಸಾಯುತ್ತವೆ, ವಾರದಲ್ಲಿ ಇನ್ನೂರು ಬರುತ್ತವೆ. ಫೇರೋ ಇರುವೆಯ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. ಅದರ ಒಂದೇ ಗೂಡಿನಲ್ಲಿ ಹಲವು ರಾಣಿಯರಿರುತ್ತವೆ. ಅಪಾಯದ ವಾಸನೆ ಬಡಿದೊಡನೆ ಗೂಡು ಒಡೆದು, ಒಂದೊಂದು ಗುಂಪು ಮೊಟ್ಟೆಗಳನ್ನು ಹೊತ್ತು ಬೇರೆ ಬೇರೆ ಕೋಣೆಗೆ ಹೋಗಿ ನೆಲೆಸುತ್ತದೆ. ಅಡುಗೆಮನೆಯಲ್ಲಿದ್ದ ಒಂದು ಗೂಡು ಇಡೀ ಮನೆಯ ನಾಲ್ಕು ಗೂಡಾಗುವುದು ಹೀಗೆ. "ಎಷ್ಟು ಹೊಡೆದರೂ ಹೆಚ್ಚುತ್ತಲೇ ಇದೆ" ಎಂಬ ಗೃಹಿಣಿಯರ ದೂರು ಸುಳ್ಳಲ್ಲ.

ವಿಷದ ಮಾತು ಬೇರೆ. ಅಂಗಡಿಯಲ್ಲಿ ಸಿಗುವ ಇರುವೆ ಚಾಕ್ ನೋಡಲು ಮಕ್ಕಳ ಸ್ಲೇಟಿನ ಬಳಪದಂತೆಯೇ ಇರುತ್ತದೆ. ಅದರಲ್ಲಿರುವುದು ಕೀಟನಾಶಕ. ಮಗು ಬಾಯಿಗಿಟ್ಟರೆ ವಾಂತಿ ಮಾಡಿಸಲು ಹೋಗದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಬೆಕ್ಕು ಸಾಕುತ್ತಾರೆ. ಇಂಥ ಚಾಕ್, ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಎಂಬ ಜಾತಿಯ ವಿಷವನ್ನು ಬೆಕ್ಕಿನ ದೇಹ ಸುಲಭವಾಗಿ ಕರಗಿಸಲಾರದು. ನೆಲದಲ್ಲಿ ನಡೆದು ಕಾಲು ನೆಕ್ಕುವ ಪ್ರಾಣಿಗೆ ಅದು ಅಪಾಯ. ಇನ್ನು ಅಟ್ಟದ ಮೂಲೆಯಲ್ಲಿ ಅಜ್ಜನ ಕಾಲದ ಗಮಾಕ್ಸಿನ್ ಪುಡಿಯ ಡಬ್ಬಿ ಇದ್ದರೆ ಅದನ್ನು ಮುಟ್ಟಲೇಬೇಡಿ. ಬಿ.ಎಚ್.ಸಿ. ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಅದೇ ಕುಲದ ಲಿಂಡೇನ್ ಬಳಕೆಯೂ 2013ರಿಂದ ನಿಂತಿದೆ.

ಕೊಲ್ಲಬಹುದೇ?

ಈ ಪ್ರಶ್ನೆ ನಮ್ಮ ಮನೆಗಳಲ್ಲಿ, ವಿಶೇಷವಾಗಿ ಹಿರಿಯ ಮಹಿಳೆಯರ ಬಾಯಲ್ಲಿ ಬಂದೇ ಬರುತ್ತದೆ. ಪವಿತ್ರ ಕುರ್‌ಆನಿನ 27ನೇ ಅಧ್ಯಾಯದ ಹೆಸರೇ ಇರುವೆ. ಪ್ರವಾದಿ ಸುಲೈಮಾನ್(ಅ)ರ ಸೇನೆ ಬರುವಾಗ ಒಂದು ಇರುವೆ ತನ್ನವರನ್ನು ಎಚ್ಚರಿಸಿದ ಪ್ರಸಂಗ ಅಲ್ಲಿದೆ. ಇರುವೆ, ಜೇನುನೊಣ ಮುಂತಾದ ನಾಲ್ಕು ಜೀವಿಗಳನ್ನು ಕೊಲ್ಲಬಾರದೆಂದು ಪ್ರವಾದಿ(ಸ)ರು ವಿರೋಧಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಒಂದು ಇರುವೆ ಕಚ್ಚಿತೆಂದು ಇಡೀ ಗೂಡನ್ನೇ ಸುಡಿಸಿದ ಹಿಂದಿನ ಪ್ರವಾದಿಯೊಬ್ಬರನ್ನು ಅಲ್ಲಾಹನು ಎಚ್ಚರಿಸಿದ ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಹಾನಿ ಮಾಡುವ ಇರುವೆಯನ್ನು ಬೇರೆ ದಾರಿ ಇಲ್ಲದಿದ್ದಾಗ ಕೊಲ್ಲಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ, ಬೆಂಕಿಯಿಂದ ಸುಡುವುದನ್ನು ಮಾತ್ರ ಒಪ್ಪಿಲ್ಲ. ಹಾಗಾಗಿ ಅಂಗಳದ ಗೂಡಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವ ಅಭ್ಯಾಸ ಎರಡು ಬಗೆಯಲ್ಲಿ ತಪ್ಪು. ಆಳದಲ್ಲಿರುವ ರಾಣಿಗೆ ಅದು ಮುಟ್ಟುವುದೂ ಇಲ್ಲ, ಮರದ ಮಾಡಿನ ಮನೆಯ ಬಳಿ ಬೆಂಕಿಯ ಆಟ ಬೇರೆ. ಹಿತ್ತಿಲ ಮೂಲೆಯಲ್ಲಿ ತನ್ನ ಪಾಡಿಗಿರುವ ಗೂಡನ್ನು ಬಿಟ್ಟುಬಿಟ್ಟರಾಯಿತು. ಅವು ಗಿಡದ ಹುಳುಗಳನ್ನು ತಿಂದು ಉಪಕಾರವನ್ನೇ ಮಾಡುತ್ತವೆ.

ಮನೆಯಲ್ಲೇ ಮಾಡಬಹುದಾದದ್ದು

ಮೊದಲು ದಾರಿ ಅಳಿಸಬೇಕು. ಇರುವೆ ನಡೆದಲ್ಲೆಲ್ಲ ವಾಸನೆಯ ಗೆರೆ ಎಳೆಯುತ್ತದೆ, ಹಿಂದಿನದು ಅದನ್ನೇ ಹಿಡಿದು ಬರುತ್ತದೆ. ಬರೀ ನೀರಿನಲ್ಲಿ ಒರೆಸಿದರೆ ಗೆರೆ ಪೂರ್ತಿ ಹೋಗದು, ಸೋಪು ನೀರಿನಲ್ಲಿ ಒರೆಸಿ. ಅರಿಶಿನ, ಲವಂಗ, ನಿಂಬೆಸಿಪ್ಪೆ ಇಟ್ಟರೆ ಇರುವೆ ಒಂದೆರಡು ದಿನ ಪಕ್ಕದ ದಾರಿ ಹಿಡಿಯುತ್ತದೆ, ಅಷ್ಟೆ. ರಮಝಾನಿನಲ್ಲಿ ಸಹರಿಯ ಪಾತ್ರೆ, ಇಫ್ತಾರಿನ ಶರಬತ್ತಿನ ಲೋಟ, ಖರ್ಜೂರದ ಬೀಜ ಹಾಗೇ ಉಳಿಯುವುದರಿಂದಲೇ ಆ ತಿಂಗಳಲ್ಲಿ ಇರುವೆ ಹೆಚ್ಚು. ತೊಳೆಯಲು ಆಗದಿದ್ದರೆ ಸೋಪು ನೀರಿನಲ್ಲಿ ಮುಳುಗಿಸಿಟ್ಟರೂ ಸಾಕು. ಕಪಾಟಿನ ಕಾಲುಗಳಿಗೆ ನೀರಿನ ತಟ್ಟೆ ಇಡುವ ಅಜ್ಜಿಯರ ಉಪಾಯ ಈಗಲೂ ಒಳ್ಳೆಯದೇ. ಆದರೆ ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆ ಇಡುತ್ತದೆ. ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ, ವಾರಕ್ಕೊಮ್ಮೆ ತಿಕ್ಕಿ ಬದಲಿಸಿ.

ಗೂಡನ್ನೇ ಇಲ್ಲವಾಗಿಸುವುದು ನಿಧಾನದ ಮದ್ದು. ಮೆಡಿಕಲ್ ಅಂಗಡಿಯಲ್ಲಿ ಬೋರಿಕ್ ಆಸಿಡ್ ಪುಡಿ ಎಂದೇ ಕೇಳಿ ತನ್ನಿ. ಕೇರಂ ಬೋರ್ಡಿನ ಪುಡಿಯೆಲ್ಲ ಬೋರಿಕ್ ಆಗಿರುವುದಿಲ್ಲ. 200 ಮಿಲಿಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಕ್ಕರೆ, ಅರ್ಧ ಟೀ ಚಮಚ ಪುಡಿ ಹಾಕಿ ಕರಗಿಸಿ. ಹತ್ತಿಯನ್ನು ಅದರಲ್ಲಿ ಅದ್ದಿ, ಹಳೆಯ ಡಬ್ಬಿಯ ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಡಬ್ಬಿಯೊಳಗಿಟ್ಟು ಮುಚ್ಚಿ ಸಾಲಿನ ಪಕ್ಕ ಇಡಿ. ಜಾಸ್ತಿ ಪುಡಿ ಹಾಕಿದರೆ ಒಳ್ಳೆಯದೆಂದು ತಿಳಿಯಬೇಡಿ. ಹಾಗೆ ಮಾಡಿದರೆ ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತದೆ ಅಥವಾ ಬಾಯಿಯೇ ಇಡುವುದಿಲ್ಲ. ಕಡಿಮೆ ಇದ್ದರೆ ಹೊಟ್ಟೆ ತುಂಬಿಸಿಕೊಂಡು ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ, ಕೊನೆಗೆ ರಾಣಿಗೂ ಮುಟ್ಟುತ್ತದೆ. ಮೊದಲ ಎರಡು ದಿನ ಇರುವೆ ಇನ್ನೂ ಹೆಚ್ಚು ಮುತ್ತಿಕೊಳ್ಳುತ್ತದೆ. ಆಗ ಗಾಬರಿಯಾಗಿ ಸ್ಪ್ರೇ ಹೊಡೆದರೆ ಮಾಡಿದ್ದೆಲ್ಲ ಹಾಳು. ಎರಡು ಮೂರು ವಾರ ತಾಳ್ಮೆ ಬೇಕು, ಎರಡು ಮೂರು ದಿನಕ್ಕೊಮ್ಮೆ ಹೊಸ ಹತ್ತಿ ಇಡಬೇಕು. ಸಿಹಿಗೆ ಬಾರದ ಫೇರೋ ಇರುವೆಗೆ ಬೇಯಿಸಿದ ಮೊಟ್ಟೆಯ ಹಳದಿಗೆ ಚಿಟಿಕೆ ಪುಡಿ ಕಲಸಿ ಇಟ್ಟು ನೋಡಬಹುದು. ಬೋರಿಕ್ ಆಸಿಡ್ ಕೂಡ ವಿಷವೇ. ಡಬ್ಬಿಯ ಮೇಲೆ ಹೆಸರು ಬರೆಯಿರಿ, ಉಪ್ಪು ಸಕ್ಕರೆಯ ಸಾಲಿನಲ್ಲಿ ಇಡಬೇಡಿ, ಮಕ್ಕಳ ಕೈಗೆ ಎಟುಕದಿರಲಿ.

ಬಿರುಕು ಮುಚ್ಚುವ ಕೆಲಸ ಇದರ ನಂತರ. ಮೊದಲೇ ಮುಚ್ಚಿದರೆ ಒಳಗಿರುವ ಗೂಡು ಮಲಗುವ ಕೋಣೆಯ ಕಡೆ ಇನ್ನೊಂದು ಬಾಗಿಲು ತೆರೆಯುತ್ತದೆ. ಸ್ವಿಚ್ ಬೋರ್ಡಿನಲ್ಲಿ ಇರುವೆ ಇದ್ದರೆ ನೀವು ಕೈ ಹಾಕಬೇಡಿ, ಮೈನ್ ಆಫ್ ಮಾಡಿ ಎಲೆಕ್ಟ್ರಿಶಿಯನ್‌ನಿಂದಲೇ ತೆರೆಸಿ. ಮಾಡಿಗೆ ತಾಗಿದ ಮಾವಿನ ಕೊಂಬೆ ಕಡಿಸಿ, ಅದು ಇರುವೆಗಳ ಸೇತುವೆ. ಇದೆಲ್ಲ ಮೇ ತಿಂಗಳೊಳಗೆ ಮುಗಿದರೆ ಒಳ್ಳೆಯದು. ಜೂನ್ ಮಳೆಗೆ ಹೊರಗಿನ ಗೂಡುಗಳಿಗೆ ನೀರು ನುಗ್ಗಿದಾಗ ಅವು ಮೊಟ್ಟೆ ಹೊತ್ತು ನೇರ ಮನೆಯೊಳಗೆ ಬರುತ್ತವೆ.

ಒಂದು ಮಾತು ಬೇರೆಯಾಗಿ ಹೇಳಬೇಕು. ಶೌಚಾಲಯದಲ್ಲಿ, ಮೂತ್ರ ಬಿದ್ದ ಜಾಗದಲ್ಲಿ ಅಥವಾ ಮಗುವಿನ ಒದ್ದೆ ಬಟ್ಟೆಯಲ್ಲಿ ಮಾತ್ರ ಇರುವೆ ಮತ್ತೆ ಮತ್ತೆ ಮುತ್ತುತ್ತಿದ್ದರೆ ಮನೆಯವರ ಸಕ್ಕರೆ ಪರೀಕ್ಷೆ ಮಾಡಿಸಿ. ಮಧುಮೇಹದಲ್ಲಿ ಮೂತ್ರಕ್ಕೆ ಸಕ್ಕರೆ ಸೇರುವುದನ್ನು ನಮ್ಮ ಪ್ರಾಚೀನ ವೈದ್ಯರು ಗುರುತಿಸಿದ್ದೇ ಇರುವೆಗಳಿಂದ. ಇರುವೆ ಬಂದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ಆದರೆ ಮಗು ತೂಕ ಇಳಿಯುತ್ತಿದ್ದು, ಪದೇ ಪದೇ ನೀರು ಕೇಳುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಇಷ್ಟಾದರೂ ಹಿಡಿತಕ್ಕೆ ಬಾರದಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದೇ ಸರಿ. ಆದರೆ ಬಂದವರು ಇರುವೆ ಯಾವುದೆಂದು ನೋಡದೆ ಪಂಪು ಹಿಡಿದು ಎಲ್ಲ ಕೋಣೆಗೂ ಹೊಡೆಯಲು ಹೊರಟರೆ ತಡೆಯಿರಿ. ಪರವಾನಗಿ ಇದೆಯೇ, ಯಾವ ಮದ್ದು, ಸ್ಪ್ರೇ ಬದಲು ಜೆಲ್ ಇಡಬಹುದೇ, ಎಷ್ಟು ಹೊತ್ತು ಮಕ್ಕಳು ಒಳಗೆ ಬರಬಾರದು ಎಂದು ಕೇಳಿ. ಮದ್ದಿನ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.