ಇಂಗ್ಲೆಂಡಿನ ಮನೆಗಂದಾಯ ಮತ್ತು ಸಾರ್ವಜನಿಕ ವೆಚ್ಚ: ಸುಧಾರಣೆಯ ಪ್ರಸ್ತಾವಗಳು

ಇಂಗ್ಲೆಂಡಿನಲ್ಲಿ ಒಂದು ಮನೆಗೆ ಎಷ್ಟು ಕಂದಾಯ ಎಂಬುದು, ಆ ಮನೆ 1991ರ ಏಪ್ರಿಲ್ 1ರಂದು ಮಾರಾಟವಾಗಿದ್ದರೆ ಎಷ್ಟು ಬೆಲೆ ಬಾಳುತ್ತಿತ್ತು ಎಂಬ ಅಂದಾಜಿನಿಂದ ನಿರ್ಧಾರವಾಗುತ್ತದೆ. ಕಳೆದ ವರ್ಷ ಕಟ್ಟಿ ಮುಗಿಸಿದ ಮನೆಗೂ ಇದೇ ನಿಯಮ. ಆ ದಿನ ಆ ಜಾಗದಲ್ಲಿ ಬರಿಯ ಹುಲ್ಲುಗಾವಲಿದ್ದರೂ ಸರಿಯೆ, ಅಧಿಕಾರಿಯು ಇಲ್ಲದ ಮನೆಯನ್ನು ಮನಸ್ಸಿನಲ್ಲೇ 1991ರಲ್ಲಿ ನಿಲ್ಲಿಸಿ ಬೆಲೆ ಕಟ್ಟಬೇಕು. ಅಂಗಡಿ, ಕಾರ್ಖಾನೆ, ಕಚೇರಿಗಳ ತೆರಿಗೆಗೆ ಈ ಕಷ್ಟವಿಲ್ಲ. ಅವುಗಳ ಮೌಲ್ಯಮಾಪನ 1990ರಿಂದೀಚೆಗೆ ಹಲವು ಬಾರಿ ನಡೆದಿದೆ, 2023ರಿಂದ ಮೂರು ವರ್ಷಕ್ಕೊಮ್ಮೆ ನಡೆಸುವ ಕ್ರಮ ಜಾರಿಗೆ ಬಂದಿದೆ. ಆದುದರಿಂದ ಬೆಲೆ ಕಟ್ಟುವ ತಂತ್ರ ಆ ದೇಶಕ್ಕೆ ತಿಳಿಯದೆಂದು ಹೇಳುವಂತಿಲ್ಲ. ತಿಳಿದೂ ಮನೆಗಳ ಬೆಲೆಯನ್ನು ಮುಟ್ಟದಿರುವುದೇ ಅಲ್ಲಿನ ತೆರಿಗೆ ಸುಧಾರಣೆಯ ಕೇಂದ್ರ ಸಮಸ್ಯೆ. ಇದರ ಫಲವನ್ನು ಹೆಚ್ಚಾಗಿ ಅನುಭವಿಸುತ್ತಿರುವವರು ಅಗ್ಗದ ಮನೆಗಳಲ್ಲಿ ವಾಸಿಸುವವರು ಮತ್ತು ಆರೈಕೆಗಾಗಿ ಸ್ಥಳೀಯ ಸಂಸ್ಥೆಯನ್ನು ಅವಲಂಬಿಸಿದ ವೃದ್ಧರು.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಇಂಗ್ಲೆಂಡಿಗೆ ತನ್ನದೇ ಆದ ಸಂಸತ್ತಾಗಲಿ ಹಣಕಾಸು ಮಂತ್ರಿಯಾಗಲಿ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಪ್ರತ್ಯೇಕ ಶಾಸನಸಭೆಗಳಿದ್ದು, ಸ್ಥಳೀಯ ತೆರಿಗೆಯನ್ನು ಅವೇ ನೋಡಿಕೊಳ್ಳುತ್ತವೆ. ಇಂಗ್ಲೆಂಡಿನ ಸ್ಥಳೀಯ ತೆರಿಗೆಯ ಕಾಯಿದೆ ಮಾತ್ರ ಸಂಯುಕ್ತ ಸಂಸ್ಥಾನದ ಸಂಸತ್ತಿನಲ್ಲೇ ಆಗಬೇಕು. ಕಸ ವಿಲೇವಾರಿ, ಬೀದಿದೀಪ, ಗ್ರಂಥಾಲಯ, ಮಕ್ಕಳ ರಕ್ಷಣೆ, ವೃದ್ಧರ ಮತ್ತು ಅಂಗವಿಕಲರ ಆರೈಕೆ ಇವೆಲ್ಲ ಸ್ಥಳೀಯ ಸಂಸ್ಥೆಗಳ ಹೊಣೆ. ಈ ಹೊಣೆಯ ಬೇರು 1601ರ ಬಡವರ ಕಾಯಿದೆಯಲ್ಲಿದೆ. ಆ ಕಾಯಿದೆಯಂತೆ ಪ್ರತಿಯೊಂದು ಪ್ಯಾರಿಷ್ ತನ್ನ ಬಡವರನ್ನು ತಾನೇ ಸಾಕಬೇಕಿತ್ತು. ಅದಕ್ಕಾಗಿ ಆಸ್ತಿಯನ್ನು ಅನುಭವಿಸುವವರ ಮೇಲೆ ಕರ ಹಾಕಬೇಕಿತ್ತು. ಮನೆಗಂದಾಯ ಮತ್ತು ದುರ್ಬಲರ ಪೋಷಣೆ ಹೀಗೆ ಹುಟ್ಟಿನಿಂದಲೇ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ಭೂಮಿಯ ಬೆಲೆ ಮಾಲೀಕನ ದುಡಿಮೆಯಿಂದ ಏರುವುದಿಲ್ಲ, ಸುತ್ತಲಿನ ಸಮಾಜದ ಬೆಳವಣಿಗೆಯಿಂದ ಏರುತ್ತದೆ. ಆದ್ದರಿಂದ ಅದರ ಮೇಲಿನ ತೆರಿಗೆ ಉತ್ಪಾದನೆಗೆ ಧಕ್ಕೆ ತಾರದು ಎಂಬ ವಾದಕ್ಕೆ ಶಾಸ್ತ್ರೀಯ ರೂಪ ದೊರೆತದ್ದು 1817ರಲ್ಲಿ ಡೇವಿಡ್ ರಿಕಾರ್ಡೊ ಮಂಡಿಸಿದ ಗೇಣಿ ಸಿದ್ಧಾಂತದಿಂದ. ಈ ಸಿದ್ಧಾಂತವನ್ನು ಇಂಗ್ಲೆಂಡಿನ ಭೂಮಾಲೀಕರ ಮೇಲೆ ಪ್ರಯೋಗಿಸುವ ಧೈರ್ಯ ಅಂದಿನ ಸಂಸತ್ತಿಗಿರಲಿಲ್ಲ. ಅಲ್ಲಿ ಕುಳಿತಿದ್ದವರಲ್ಲಿ ಬಹುಪಾಲು ಭೂಮಾಲೀಕರೇ. ರಿಕಾರ್ಡೊನ ಮಿತ್ರ ಜೇಮ್ಸ್ ಮಿಲ್ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯನ್ನು ಸೇರಿದ ಮೇಲೆ ಅದರ ಪ್ರಯೋಗ ಮುಂಬಯಿ ಪ್ರಾಂತದ ರೈತರ ಮೇಲೆ ನಡೆಯಿತು. ಪ್ರಿಂಗಲ್ ಎಂಬ ಅಧಿಕಾರಿ ದಖನ್ನಿನಲ್ಲಿ ನಿವ್ವಳ ಉತ್ಪನ್ನವನ್ನು ಲೆಕ್ಕಹಾಕಿ ಕಂದಾಯ ಗೊತ್ತುಮಾಡಲು ಹೋಗಿ ಸೋತನು. ಅವನ ನಂತರ ಬಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಸಿದ್ಧಾಂತವನ್ನು ಬದಿಗಿರಿಸಿ, ಮಣ್ಣಿನ ಬಗೆ ಮತ್ತು ಹಿಂದಿನ ವಸೂಲಿಯನ್ನು ನೋಡಿ ಕಂದಾಯ ನಿಗದಿಪಡಿಸಿದರು. ವಿಂಗೇಟನ ಭೂಮಾಪನ ಧಾರವಾಡ ಸೀಮೆಗೂ ವಿಸ್ತರಿಸಿತು. ಅಲ್ಲಿ ಗೊತ್ತುಪಡಿಸಿದ ಕಂದಾಯದ ಅವಧಿ 30 ವರ್ಷ. ಅವಧಿ ಮುಗಿಯುತ್ತಿದ್ದಂತೆ 1870ರ ದಶಕದಲ್ಲಿ ಮರುನಿಗದಿಯ ಕಾರ್ಯ ಆರಂಭವಾಯಿತು. ಧಾರವಾಡದ ರೈತನ ಹೊಲದ ಮೌಲ್ಯವನ್ನು ಮೂವತ್ತು ವರ್ಷಕ್ಕೊಮ್ಮೆ ತಪ್ಪದೆ ಪರಿಷ್ಕರಿಸಬೇಕೆಂದ ಆಡಳಿತ ಪರಂಪರೆ, ತನ್ನ ನೆಲದ ಮನೆಗಳನ್ನು ಅದಕ್ಕಿಂತ ಹೆಚ್ಚು ಕಾಲ ಒಂದೇ ಬೆಲೆಯಲ್ಲಿ ನಿಲ್ಲಿಸಿಕೊಂಡಿದೆ.

ಇಂಗ್ಲೆಂಡಿನಲ್ಲಿ ಆ ವಾದ ರಾಜಕೀಯ ಬಲ ಪಡೆದದ್ದು 1909ರಲ್ಲಿ. ಆ ವರ್ಷದ ಜನವರಿ 1ರಿಂದ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗುಗಳವರೆಗೆ ಪಿಂಚಣಿ ಕೊಡಲು ಆರಂಭವಾಗಿತ್ತು; ಜರ್ಮನಿಯೊಂದಿಗಿನ ಪೈಪೋಟಿಯಿಂದ ಯುದ್ಧನೌಕೆಗಳ ಖರ್ಚೂ ಏರಿತ್ತು. ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಏಪ್ರಿಲ್ 29ರಂದು ಮಂಡಿಸಿದ ಆಯವ್ಯಯದಲ್ಲಿ ಹೆಚ್ಚಿನ ವರಮಾನದವರ ಮೇಲೆ ಅಧಿಕ ತೆರಿಗೆಯಿತ್ತು. ಭೂಮಿಯ ಬೆಲೆಯಲ್ಲಿ ದುಡಿಯದೆ ದೊರೆತ ಏರಿಕೆಯ ಮೇಲೆ ನೂರಕ್ಕೆ 20ರಷ್ಟು ಕರವಿತ್ತು. ಲಾರ್ಡ್ಸ್ ಸಭೆ ನವೆಂಬರಿನಲ್ಲಿ ಅದನ್ನು ತಿರಸ್ಕರಿಸಿತು. 1910ರಲ್ಲಿ ಎರಡು ಮಹಾಚುನಾವಣೆಗಳು ನಡೆದವು. 1911ರ ಕಾಯಿದೆಯಿಂದ ಆಯವ್ಯಯವನ್ನು ತಡೆಯುವ ಅಧಿಕಾರವನ್ನೇ ಲಾರ್ಡ್ಸ್ ಸಭೆ ಕಳೆದುಕೊಂಡಿತು. ಸಂವಿಧಾನವನ್ನೇ ಅಲುಗಿಸಿದ ಈ ಭೂಕರ ಮಾತ್ರ ಹೆಚ್ಚು ದಿನ ಬಾಳಲಿಲ್ಲ. ಇಡೀ ದೇಶದ ಭೂಮಿಗೆ ಬೆಲೆ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು; ಕೂಡಿಬಂದ ಹಣಕ್ಕಿಂತ ಅಳತೆಯ ಖರ್ಚೇ ಹೆಚ್ಚಾಯಿತು. 1920ರಲ್ಲಿ, ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗಲೇ, ಅದು ರದ್ದಾಯಿತು. ಸ್ನೋಡನ್ 1931ರಲ್ಲಿ ತಂದ ಭೂಮೌಲ್ಯ ತೆರಿಗೆಯೂ ವಸೂಲಾಗುವ ಮೊದಲೇ ಕೊನೆಗೊಂಡಿತು.

ಹಳೆಯ ಮನೆಗಂದಾಯ ಬಾಡಿಗೆಯ ಅಂದಾಜಿನ ಮೇಲೆ ನಿಂತಿತ್ತು. ಇಂಗ್ಲೆಂಡಿನಲ್ಲಿ ಅದರ ಕೊನೆಯ ಮೌಲ್ಯಮಾಪನ 1973ರದು. ತರುವಾಯ ಪರಿಷ್ಕರಣೆಯನ್ನು ಮುಂದೂಡುತ್ತ ಹೋದಂತೆ ಒಮ್ಮೆಗೇ ಏರಬೇಕಾದ ಹೊರೆಯೂ ಬೆಳೆಯುತ್ತ ಹೋಯಿತು. ಸ್ಥಳೀಯ ವರಮಾನ ತೆರಿಗೆಯನ್ನು ತರಬಹುದೆಂದು 1976ರಲ್ಲಿ ಲೇಫೀಲ್ಡ್ ಸಮಿತಿ ಸೂಚಿಸಿತು. ಅದು ಕಡತದಲ್ಲಿ ಉಳಿಯಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಆಸ್ತಿಯ ಗೊಡವೆಯೇ ಬೇಡವೆಂದು ತಲೆಗಂದಾಯಕ್ಕೆ ಕೈ ಹಾಕಿತು. 1990ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಈ ತೆರಿಗೆಯಲ್ಲಿ ಒಂದು ಊರಿನ ವಯಸ್ಕರೆಲ್ಲರೂ ಒಂದೇ ಮೊತ್ತ ಕೊಡಬೇಕಿತ್ತು. ಅರಮನೆಯಲ್ಲಿರುವವನಿಗೂ ಅವನ ತೋಟದ ಮಾಲಿಗೂ ವ್ಯತ್ಯಾಸವಿರಲಿಲ್ಲ. ಕಡುಬಡವರಿಗೂ ಕನಿಷ್ಠ ಐದನೆಯ ಒಂದು ಪಾಲು ತಪ್ಪಲಿಲ್ಲ. ತಲೆಗಂದಾಯದ ನಿಮಿತ್ತ 1381ರಲ್ಲಿ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದ ದೇಶದಲ್ಲಿ ಆ ನೆನಪು ಇಷ್ಟು ಮಾಸಿದ್ದು ಅಚ್ಚರಿಯೇ ಸರಿ. 1990ರ ಮಾರ್ಚ್ 31ರಂದು ಟ್ರಾಫಲ್ಗರ್ ಚೌಕದಲ್ಲಿ ಗಲಭೆಯಾಯಿತು. ನವೆಂಬರಿನಲ್ಲಿ ಥ್ಯಾಚರ್ ರಾಜೀನಾಮೆ ನೀಡಿದರು. ಮರುವರ್ಷದ ಆಯವ್ಯಯದಲ್ಲಿ ತಲಾ 140 ಪೌಂಡು ಇಳಿಸಿ, ಆ ನಷ್ಟವನ್ನು ತುಂಬಲು ಮೌಲ್ಯವರ್ಧಿತ ತೆರಿಗೆಯನ್ನು ನೂರಕ್ಕೆ 15ರಿಂದ 17.5ಕ್ಕೆ ಏರಿಸಲಾಯಿತು. ತಲೆಗಂದಾಯ ಹೋಯಿತು, ಅದರ ಅಂತ್ಯಕ್ರಿಯೆಗೆಂದು ಏರಿಸಿದ ಆ ತೆರಿಗೆ 2011ರಲ್ಲಿ ನೂರಕ್ಕೆ 20 ಆಯಿತು.

ಅವಸರದಲ್ಲಿ ರೂಪುಗೊಂಡು 1993ರ ಏಪ್ರಿಲ್‌ನಲ್ಲಿ ಬಂದದ್ದೇ ಈಗಿನ ಕೌನ್ಸಿಲ್ ತೆರಿಗೆ. ಪ್ರತಿ ಮನೆಯ ಒಳಹೊಕ್ಕು ನೋಡಲು ಸಮಯವಿಲ್ಲದೆ, ಅನೇಕ ಕಡೆ ಬೀದಿಯಲ್ಲಿ ಕಾರಿನಲ್ಲಿ ಸಾಗುತ್ತಲೇ ಮನೆಗಳಿಗೆ ಬೆಲೆ ಕಟ್ಟಲಾಯಿತು. ನಿಖರ ಬೆಲೆಯ ಬದಲು ಎ ಯಿಂದ ಎಚ್ ವರೆಗೆ ಎಂಟು ಶ್ರೇಣಿಗಳು ಬಂದದ್ದು ಇದರಿಂದಲೇ. 40,000 ಪೌಂಡುಗಳವರೆಗಿನ ಮನೆ ಎ ಶ್ರೇಣಿ. 3,20,000 ಪೌಂಡು ಮೀರಿದ್ದು ಎಚ್ ಶ್ರೇಣಿ. ನಡುವಣ ಡಿ ಶ್ರೇಣಿಯ ಮನೆಗೆ ಒಂಬತ್ತು ಪಾಲು ತೆರಿಗೆ ಎಂದಿಟ್ಟುಕೊಂಡರೆ ಎ ಶ್ರೇಣಿಗೆ ಆರು ಪಾಲು, ಎಚ್ ಶ್ರೇಣಿಗೆ ಹದಿನೆಂಟು ಪಾಲು. ಎಂದರೆ ಎಂಟು ಪಟ್ಟು ಅಥವಾ ಅದಕ್ಕೂ ಹೆಚ್ಚು ಬೆಲೆಯ ಮನೆಗೆ ಮೂರು ಪಟ್ಟು ಮಾತ್ರ ಕಂದಾಯ. ಇಂಗ್ಲೆಂಡಿನ ಡಿ ಶ್ರೇಣಿಯ ಸರಾಸರಿ ತೆರಿಗೆ 2025-26ರಲ್ಲಿ 2,280 ಪೌಂಡು. ಈ ಲೆಕ್ಕದಂತೆ ಎ ಶ್ರೇಣಿಯವರು 1,520 ಪೌಂಡು ಕೊಟ್ಟರೆ, ಎಚ್ ಶ್ರೇಣಿಯವರು, ಮನೆಯ ಬೆಲೆ ಹತ್ತು ಲಕ್ಷ ಪೌಂಡಿರಲಿ ಹತ್ತು ಕೋಟಿ ಪೌಂಡಿರಲಿ, 4,560 ಪೌಂಡು ಕೊಟ್ಟರೆ ಸಾಕು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಡಿ ಶ್ರೇಣಿಯ ತೆರಿಗೆ ರಾಷ್ಟ್ರೀಯ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ.

ಶ್ರೇಣಿಗಳ ಈ ಓರೆ ಮೂಲದಲ್ಲೇ ಇತ್ತು. ಕಾಲ ಅದರ ಮೇಲೆ ಮತ್ತೊಂದನ್ನು ಹೊರಿಸಿತು. 1991ರಿಂದೀಚೆಗೆ ಲಂಡನ್ನಿನ ಮನೆಗಳ ಬೆಲೆ ಈಶಾನ್ಯ ಇಂಗ್ಲೆಂಡಿನದಕ್ಕಿಂತ ಬಹಳ ವೇಗವಾಗಿ ಏರಿದೆ. ಇಂದಿನ ಬೆಲೆಗೆ ಹೋಲಿಸಿದರೆ ಸಂಡರ್‌ಲೆಂಡಿನ ಮನೆವಂತನು ಕೆನ್ಸಿಂಗ್ಟನ್ನಿನವನಿಗಿಂತ ಎಷ್ಟೋ ಹೆಚ್ಚು ಪ್ರಮಾಣದ ತೆರಿಗೆ ತೆರುತ್ತಿದ್ದಾನೆ. ಯಾವ ಸಂಸತ್ತೂ ಹೀಗಾಗಲಿ ಎಂದು ಮತ ಹಾಕಲಿಲ್ಲ; ಯಾರೂ ಏನೂ ಮಾಡದಿದ್ದುದರಿಂದಲೇ ಇದು ಆಯಿತು.

ಮಾಡುವ ಯತ್ನ ಒಮ್ಮೆ ನಡೆಯಿತು. 2007ರಿಂದ ಹೊಸ ಮೌಲ್ಯಗಳು ಬರಬೇಕೆಂದು ಇಂಗ್ಲೆಂಡಿನಲ್ಲಿ ಸಿದ್ಧತೆಯಾಗಿತ್ತು. ವೇಲ್ಸ್ 2005ರಲ್ಲಿ ಮೊದಲಿಗೆ ಮುಂದಡಿ ಇಟ್ಟಿತು. ಅಲ್ಲಿ ಸುಮಾರು ಮೂರನೆಯ ಒಂದು ಭಾಗದ ಮನೆಗಳು ಮೇಲಿನ ಶ್ರೇಣಿಗೆ ಏರಿದವು, ಇಳಿದವು ಅದಕ್ಕಿಂತ ಬಹಳ ಕಡಿಮೆ. ಏರಿದವರ ಕೂಗು ಲಂಡನ್ನಿಗೆ ಕೇಳಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಮೌಲ್ಯಮಾಪನವನ್ನು ಮುಂದೂಡಲಾಯಿತು. ಮೈಕೆಲ್ ಲಯನ್ಸ್ 2007ರಲ್ಲಿ ಸಲ್ಲಿಸಿದ ವರದಿ ಮರುಮೌಲ್ಯಮಾಪನವನ್ನೂ ಹೊಸ ಶ್ರೇಣಿಗಳನ್ನೂ ಶಿಫಾರಸು ಮಾಡಿತು. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಮಿರ್ಲೀಸ್ ಅವರ ನೇತೃತ್ವದ ಪರಿಶೀಲನೆ 2011ರಲ್ಲಿ ಇನ್ನೂ ಮುಂದೆ ಹೋಯಿತು: ಕೌನ್ಸಿಲ್ ತೆರಿಗೆ ಮತ್ತು ಮನೆ ಕೊಳ್ಳುವಾಗಿನ ಮುದ್ರಾಂಕ ಶುಲ್ಕ ಎರಡನ್ನೂ ತೆಗೆದು, ಇಂದಿನ ಬೆಲೆಗೆ ಸಮಪ್ರಮಾಣದ ಒಂದೇ ತೆರಿಗೆಯನ್ನು ತರಬೇಕೆಂದಿತು. ದೊಡ್ಡ ಮನೆಯಲ್ಲಿದ್ದೂ ಕೈಯಲ್ಲಿ ಕಾಸಿಲ್ಲದ ವಿಧವೆಯ ಗತಿಯೇನು ಎಂಬುದು ಇಂತಹ ಪ್ರಸ್ತಾವಗಳ ವಿರುದ್ಧ ಮೊದಲು ಬರುವ ಆಕ್ಷೇಪ. ಅದು ಹುಸಿಯಲ್ಲ. ಆದರೆ ಮನೆ ಮಾರಾಟವಾಗುವವರೆಗೆ ತೆರಿಗೆಯನ್ನು ಬಾಕಿ ಇಡಲು ಅವಕಾಶ ಕೊಟ್ಟರೆ ಅದಕ್ಕೆ ಪರಿಹಾರವುಂಟು. ಎ ಶ್ರೇಣಿಯ ಬಾಡಿಗೆ ಮನೆಯ ವಿಧವೆಯನ್ನು ಈ ಚರ್ಚೆಯಲ್ಲಿ ನೆನೆಯುವವರು ವಿರಳ.

ವೆಚ್ಚದ ಕಡೆಗೆ ತಿರುಗಿದರೆ ಇದರ ಪರಿಣಾಮ ಇನ್ನಷ್ಟು ತೀಕ್ಷ್ಣವಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ವೈದ್ಯಕೀಯ ಚಿಕಿತ್ಸೆ ಉಚಿತ. ವೃದ್ಧಾಪ್ಯದ ದೈನಂದಿನ ಆರೈಕೆ ಉಚಿತವಲ್ಲ. ಕ್ಯಾನ್ಸರ್ ಬಂದವನ ಖರ್ಚನ್ನು ರಾಜ್ಯ ಭರಿಸುತ್ತದೆ, ಮರೆವಿನ ರೋಗ ಬಂದವನು 23,250 ಪೌಂಡು ಮೀರಿದ ಆಸ್ತಿಯುಳ್ಳವನಾದರೆ ತನ್ನ ಆರೈಕೆಯ ಹಣವನ್ನು ತಾನೇ ಕೊಡಬೇಕು. ಒಬ್ಬಂಟಿಯಾಗಿದ್ದು ಆರೈಕೆಯ ನಿಲಯ ಸೇರಿದರೆ ಅವನ ಮನೆಯ ಬೆಲೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಒಬ್ಬ ವ್ಯಕ್ತಿ ಜೀವಮಾನದಲ್ಲಿ ಕೊಡಬೇಕಾದ ಮೊತ್ತಕ್ಕೆ 35,000 ಪೌಂಡುಗಳ ಮಿತಿ ಹಾಕಬೇಕೆಂದು ಆ್ಯಂಡ್ರೂ ಡಿಲ್ನಾಟ್ ಆಯೋಗ 2011ರಲ್ಲಿ ಸೂಚಿಸಿತು. 2014ರಲ್ಲಿ ಕಾಯಿದೆಯಾಯಿತು; ಜಾರಿ ಮುಂದಕ್ಕೆ ಹೋಯಿತು. 2021ರಲ್ಲಿ ಮಿತಿ 86,000 ಪೌಂಡು ಎಂದಾಯಿತು. ಅದಕ್ಕೆಂದೇ ಘೋಷಿಸಿದ ವಿಶೇಷ ಸುಂಕವನ್ನು 2022ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2024ರ ಜುಲೈನಲ್ಲಿ ಮಿತಿಯ ಯೋಜನೆಯನ್ನೇ ಕೈಬಿಡಲಾಯಿತು. 2025ರ ಜನವರಿಯಲ್ಲಿ ಘೋಷಿತವಾದ ಹೊಸ ಆಯೋಗದ ಅಂತಿಮ ವರದಿಗೆ 2028ರ ಗಡುವು ನೀಡಲಾಗಿದೆ. ಮೊದಲ ಆಯೋಗದ ವರದಿಯ ಕಾಲಕ್ಕೆ ಎಂಬತ್ತು ದಾಟಿದ್ದವರಲ್ಲಿ ಬಹುಮಂದಿ ಈ ವರದಿಯನ್ನು ಕಾಣಲಾರರು.

ಈ ನಡುವೆ ಹೊರೆ ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು. 2010ರ ನಂತರ ಕೇಂದ್ರದ ಅನುದಾನ ತೀವ್ರವಾಗಿ ಇಳಿಯಿತು. ಆರೈಕೆಗೆಂದೇ ಕೌನ್ಸಿಲ್ ತೆರಿಗೆಯನ್ನು ನೂರಕ್ಕೆ ಎರಡರಷ್ಟು ಹೆಚ್ಚಿಸಿಕೊಳ್ಳಲು 2016ರಿಂದ ಅನುಮತಿ ದೊರೆಯಿತು. ತೊಡಕು ಇರುವುದು ಇಲ್ಲಿಯೇ. ಈಶಾನ್ಯ ಇಂಗ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಮನೆಗಳು ಎ ಶ್ರೇಣಿಯವು. ಲಂಡನ್ನಿನಲ್ಲಿ ಅವು ನೂರಕ್ಕೆ ಐದೂ ಇಲ್ಲ. ನೂರಕ್ಕೆ ಎರಡರ ಹೆಚ್ಚಳ ಬಡ ಊರಿನಲ್ಲಿ ಕಡಿಮೆ ಹಣ ತರುತ್ತದೆ, ಸಿರಿವಂತ ಊರಿನಲ್ಲಿ ಹೆಚ್ಚು ತರುತ್ತದೆ; ಆರೈಕೆಗೆ ಸಂಸ್ಥೆಯನ್ನೇ ನಂಬಿದವರು ಹೆಚ್ಚಾಗಿರುವುದು ಬಡ ಊರಿನಲ್ಲಿ. ಬಡವರಿಗಿದ್ದ ತೆರಿಗೆ ರಿಯಾಯಿತಿಯನ್ನು 2013ರಲ್ಲಿ, ನೂರಕ್ಕೆ ಹತ್ತು ಕಡಿತ ಮಾಡಿ, ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. ಪಿಂಚಣಿದಾರರ ರಿಯಾಯಿತಿಯನ್ನು ಮುಟ್ಟಕೂಡದೆಂಬ ಷರತ್ತಿದ್ದುದರಿಂದ ಕಡಿತವೆಲ್ಲ ದುಡಿಯುವ ವಯಸ್ಸಿನ ಬಡವರ ಪಾಲಾಯಿತು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ಆಯ ವ್ಯಯಕ್ಕೆ ಸಾಲದೆಂದು ಶಾಸನಬದ್ಧ ಪ್ರಕಟಣೆ ಹೊರಡಿಸಿತು. ಸಮಾನ ವೇತನದ ಬಾಕಿ, ಕಂಪ್ಯೂಟರ್ ವ್ಯವಸ್ಥೆಯ ವೈಫಲ್ಯ ಮುಂತಾದ ಬೇರೆ ಕಾರಣಗಳೂ ಅದಕ್ಕಿದ್ದವು. ಮರುವರ್ಷ ಅಲ್ಲಿಯ ಮನೆಗಂದಾಯ ನೂರಕ್ಕೆ 9.99ರಷ್ಟು ಏರಿತು.

2025ರ ನವೆಂಬರಿನ ಆಯವ್ಯಯದಲ್ಲಿ ರೇಚಲ್ ರೀವ್ಸ್ ಒಂದು ಹೆಜ್ಜೆ ಇಟ್ಟರು. ಇಂಗ್ಲೆಂಡಿನಲ್ಲಿ 20 ಲಕ್ಷ ಪೌಂಡು ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆಗಳ ಮಾಲೀಕರು 2028ರ ಏಪ್ರಿಲ್‌ನಿಂದ ವರ್ಷಕ್ಕೆ 2,500ರಿಂದ 7,500 ಪೌಂಡುಗಳ ಹೆಚ್ಚುವರಿ ಕರ ಕೊಡಬೇಕೆಂದು ಘೋಷಣೆಯಾಯಿತು. ಆ ಹಣ ಊರಿನ ಸಂಸ್ಥೆಗೆ ಉಳಿಯದೆ ಕೇಂದ್ರದ ಬೊಕ್ಕಸಕ್ಕೆ ಹೋಗುವುದು. ಇದಕ್ಕಾಗಿ ಅಂತಹ ಮನೆಗಳಿಗೆ 2026ರ ಬೆಲೆ ಕಟ್ಟಬೇಕು. ಅದೇ ಮನೆಗಳ ಮೂಲ ಕಂದಾಯ 1991ರ ಬೆಲೆಯ ಮೇಲೆಯೇ ಮುಂದುವರಿಯುತ್ತದೆ. ಸಂಡರ್‌ಲೆಂಡಿನ ಎ ಶ್ರೇಣಿಯ ಮನೆಗೆ ಹೊಸ ಬೆಲೆ ಕಟ್ಟುವ ಪ್ರಸ್ತಾವ ಆ ಆಯವ್ಯಯದಲ್ಲಿ ಇರಲಿಲ್ಲ.