ಆಶಾ ಅಕ್ಕನಿಗೆ ಆಸರೆ ಯಾರು?

ಆಶಾ ಅಕ್ಕನನ್ನು ನಾವೆಲ್ಲ ಬಲ್ಲೆವು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಅವರೇ. ಮಗುವಿಗೆ ಲಸಿಕೆ ಹಾಕಿಸಿ ಎಂದು ನೆನಪು ಮಾಡುವವರೂ ಅವರೇ.

2020ರಲ್ಲಿ ಕೊರೊನಾ ಬಂತು. ನಾವು ಬಾಗಿಲು ಹಾಕಿಕೊಂಡು ಒಳಗೆ ಕೂತೆವು. ಆಶಾ ಅಕ್ಕ ಮಾತ್ರ ಮನೆ ಮನೆಗೆ ಬಂದರು. ಯಾರಿಗೆ ಜ್ವರ? ಯಾರಿಗೆ ಕೆಮ್ಮು? ಕೇಳಿ ಬರೆದುಕೊಂಡರು.

ಅದಕ್ಕೆ ಸಿಕ್ಕಿದ್ದೇನು? ರೋಗ ತರೋಳು ನೀನೇ ಎಂದು ಕೆಲವರು ಬೈದರು. ಬೆಂಗಳೂರಿನಲ್ಲಿ 2020ರ ಏಪ್ರಿಲ್‌ನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಗುಂಪು ಕೂಡಿ ಹಲ್ಲೆ ಮಾಡಿದರು. ಬಾಡಿಗೆ ಮನೆ ಖಾಲಿ ಮಾಡಿ ಎಂದು ನರ್ಸುಗಳನ್ನು ಕಾಡಿದವರೂ ಇದ್ದರು.

ಮೇಲಿನವರ ಕಾಟವೂ ಉಂಟು. ಮಾಸ್ಕ್ ಕೇಳಿದರೆ ಗದರೋದು. ಹುಷಾರಿಲ್ಲ ಅಂದರೆ ಕೆಲಸದಿಂದ ತೆಗೀತೀವಿ ಅನ್ನೋದು. 2020ರ ಜುಲೈನಲ್ಲಿ ಕರ್ನಾಟಕದ ಆಶಾಗಳು ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರೋಗ ತಗುಲದಂತೆ ರಕ್ಷಣೆಯ ಸಾಮಾನು ಕೊಡಿ ಎಂದು ಕೇಳಿದರು.

ಕೆಲಸ ಅಂದಮೇಲೆ ಬೈಗುಳ ಇದ್ದದ್ದೇ ಅಂತಾರೆ. ಇದು ಸರಿಯಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ.

ಸಾಂಕ್ರಾಮಿಕ ರೋಗಗಳ ಕಾಯಿದೆ 1897ರದು. ಅದನ್ನು 2020ರಲ್ಲಿ ತಿದ್ದಲಾಯಿತು. ಸಾಂಕ್ರಾಮಿಕ ರೋಗ ಹರಡಿದಾಗ ಆರೋಗ್ಯ ಕೆಲಸದವರ ಮೇಲೆ ಹಲ್ಲೆ ಮಾಡಿದರೆ 3 ತಿಂಗಳಿಂದ 5 ವರ್ಷದವರೆಗೆ ಜೈಲು. ಜೊತೆಗೆ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ತೀವ್ರ ಗಾಯವಾದರೆ ಶಿಕ್ಷೆ ಇನ್ನೂ ಹೆಚ್ಚು. ಹೊಡೆಯುವುದಷ್ಟೇ ತಪ್ಪಲ್ಲ. ಬದುಕಲು, ದುಡಿಯಲು ಬಿಡದಂತೆ ಕಾಡುವುದೂ ತಪ್ಪು. ಅವರ ದಾಖಲೆ ಪುಸ್ತಕ ಹಾಳು ಮಾಡುವುದೂ ತಪ್ಪು.

ಕೆಲಸದ ಜಾಗದಲ್ಲಿ ಮೈ ಮುಟ್ಟುವುದು, ಹೊಲಸು ಮಾತಾಡುವುದು ನಡೆದರೆ 2013ರ ಕಾಯಿದೆ ಇದೆ. ಇದು ಎಲ್ಲ ಕಾಲಕ್ಕೂ ಉಂಟು. ಸಂಬಳವಿಲ್ಲದೆ ಸೇವೆ ಮಾಡುವ ಹೆಂಗಸರಿಗೂ ಉಂಟು. ಇದಕ್ಕಾಗಿ ಪ್ರತಿ ಜಿಲ್ಲೆಯಲ್ಲೂ ದೂರು ಸಮಿತಿ ಇರಬೇಕು. 3 ತಿಂಗಳೊಳಗೆ ದೂರು ಬರೆದು ಕೊಡಬೇಕು. ಬರೆಯಲು ಆಗದವರಿಗೆ ಸಮಿತಿಯವರೇ ನೆರವಾಗಬೇಕು.

ನಾವು ಏನು ಮಾಡಬಹುದು?

ಯಾರಾದರೂ ಆಶಾ ಅಕ್ಕನನ್ನು ಬೈದರೆ ಸುಮ್ಮನೆ ನೋಡುತ್ತಾ ನಿಲ್ಲಬಾರದು. ನಾಲ್ಕು ಜನ ಹೆಂಗಸರು ಅವರ ಪಕ್ಕ ನಿಲ್ಲೋಣ. ಹೊಡೆಯಲು ಬಂದರೆ 112ಕ್ಕೆ ಫೋನ್ ಮಾಡೋಣ.

ನಡೆದದ್ದನ್ನು ಅಂದೇ ಬರೆದಿಡಬೇಕು. ಯಾವ ದಿನ? ಎಷ್ಟು ಹೊತ್ತಿಗೆ? ಯಾರು? ಏನಂದರು? ನೋಡಿದವರು ಯಾರು? ಕೆಳಗೆ ಸಹಿ ಹಾಕಬೇಕು. ದೂರು ಕೊಟ್ಟಾಗ ಅದರ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು.

ಮೊದಲು ಸಾಕ್ಷಿ ಹೇಳಲು ನಮಗೆ ಹೆಬ್ಬೆಟ್ಟೇ ಗತಿಯಾಗಿತ್ತು. ಈಗ ನಮಗೆ ಅಕ್ಷರ ಬರುತ್ತದೆ. ನಮ್ಮ ಕಷ್ಟಕ್ಕೆ ಬಂದವರ ಪರವಾಗಿ ನಾಲ್ಕು ಸಾಲು ಬರೆಯೋಣ. ಕೆಳಗೆ ನಮ್ಮ ಹೆಸರನ್ನೂ ಬರೆಯೋಣ.